ಹಳೆಯ ಪಿಕಪ್‌ಗೆ ಮನೆಯಲ್ಲೇ ಹೊಸ ಬಣ್ಣ: ಯಾವ ದಾರಿ ಯಾರಿಗೆ?

ಹಳೆಯ ಪಿಕಪ್ ಟ್ರಕ್ಕೊಂದನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿಕೊಂಡವರು ಮೊದಲು ಕೇಳುವುದು ‘ಯಾವ ಪೇಂಟ್ ಹೊಡೆಯಲಿ?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇರುವ ಬಣ್ಣವನ್ನು ತೆಗೆಯಬೇಕೇ ಬೇಡವೇ, ಗಾಡಿಯನ್ನು ಎಷ್ಟರಮಟ್ಟಿಗೆ ಬಿಚ್ಚಬೇಕು, ತುಕ್ಕನ್ನು ಹೇಗೆ ತೆಗೆಯಬೇಕು ಎಂಬುದೆಲ್ಲ ಅದಕ್ಕೂ ಮೊದಲೇ ತೀರ್ಮಾನವಾಗಬೇಕು. ಪೇಂಟ್ ಡಬ್ಬ ಮೊದಲೇ ತಂದಿಟ್ಟುಕೊಂಡವರು ಆ ಡಬ್ಬಕ್ಕೆ ತಕ್ಕಂತೆ ಉಳಿದ ಕೆಲಸವನ್ನು ಬಗ್ಗಿಸಲು ಹೋಗುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

ಪ್ರತಿ ಆಯ್ಕೆಗೂ ನಾನು ಹಿಡಿಯುವ ಅಳತೆ ಒಂದೇ. ಕೆಲಸವೆಲ್ಲ ಮುಗಿದು ಆರು ತಿಂಗಳಾದ ಮೇಲೆ ಟೇಲ್‌ಗೇಟಿಗೆ (ಹಿಂದಿನ ಬಾಗಿಲಿಗೆ) ಏನೋ ತಾಗಿ ಅಂಗೈಯಗಲ ಬಣ್ಣ ಎದ್ದುಹೋಯಿತು ಅಂದುಕೊಳ್ಳಿ. ಅದನ್ನು ನೀವೇ, ನಿಮ್ಮ ಶೆಡ್ಡಿನಲ್ಲೇ, ಕಲೆ ಕಾಣದಂತೆ ಸರಿಮಾಡಬಲ್ಲಿರಾ? ಹೌದಾದರೆ ಆ ದಾರಿ ಮನೆಯ ಕೆಲಸಕ್ಕೆ ಸರಿ. ಇಲ್ಲವಾದರೆ ಅದು ಎಷ್ಟೇ ಹೊಳೆಯಲಿ, ಪ್ರದರ್ಶನದ ಗಾಡಿಗೆ ಬಿಟ್ಟುಬಿಡುವುದು ಒಳ್ಳೆಯದು. ಪಿಕಪ್ ಎಂದರೆ ಸಾಮಾನು ಹೇರುವ ಗಾಡಿ. ಅದಕ್ಕೆ ಪೆಟ್ಟು ಬೀಳುವುದು ಖಂಡಿತ.

ಬಣ್ಣ ತೆಗೆಯಲೇಬೇಕೇ?

ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿಕೊಂಡು ಬಾನೆಟ್ಟಿನ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ) ಪದರ ಇಲ್ಲ, ಅದು ಬಣ್ಣ, ಹೊಳಪು ಎರಡೂ ಒಂದೇ ಪದರದಲ್ಲಿರುವ ಸಿಂಗಲ್ ಸ್ಟೇಜ್ ಬಣ್ಣ. ಬಣ್ಣದ ಮೇಲೆ ಕ್ಲಿಯರ್ ಹೊಡೆಯುವುದು ವ್ಯಾಪಕವಾದದ್ದು 1980ರ ದಶಕದಲ್ಲಿ. ಅದಕ್ಕೆ ಹಿಂದಿನ ಪಿಕಪ್‌ಗಳಲ್ಲಿ ಕಾರ್ಖಾನೆಯ ಬಣ್ಣವೇ ಉಳಿದಿದ್ದರೆ ಅದು ಬಹುಮಟ್ಟಿಗೆ ಸಿಂಗಲ್ ಸ್ಟೇಜೇ. ಮುಟ್ಟಿದರೆ ಕೈಗೆ ಪುಡಿ ಹತ್ತುವಷ್ಟು ಮಂಕಾಗಿದ್ದರೂ ಹೆದರಬೇಕಿಲ್ಲ. ಸತ್ತಿರುವುದು ಮೇಲಿನ ತೆಳು ಪದರ ಮಾತ್ರ, ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ನಿಧಾನವಾಗಿ ಉಜ್ಜಿದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಮಾತ್ರ ಹಗುರ ಕೈ ಇರಲಿ. ಅಲ್ಲಿ ಬಣ್ಣ ಮೊದಲೇ ತೆಳ್ಳಗಿರುತ್ತದೆ, ಪ್ರೈಮರ್ ಕಂಡಮೇಲೆ ಹಿಂದಿರುಗುವ ದಾರಿಯಿಲ್ಲ.

ಕಾರ್ಖಾನೆಯ ಬಣ್ಣ ಮುಕ್ಕಾಲು ಪಾಲು ಉಳಿದಿರುವ ಗಾಡಿಗೆ ಹೊಸ ಬಣ್ಣ ಹೊಡೆಯಬೇಡಿ ಎನ್ನುವವರ ಪೈಕಿ ನಾನೂ ಒಬ್ಬ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಹಳೆಯದನ್ನು ಮತ್ತೆ ತರಲಾಗದು. ಆದರೆ ಬಣ್ಣ ಬಿರುಕು ಬಿಟ್ಟು ಚೂರುಚೂರಾಗಿ ಏಳುತ್ತಿದ್ದರೆ, ಅಥವಾ ಒಳಗಿನಿಂದ ಗುಳ್ಳೆ ಎದ್ದಿದ್ದರೆ, ಹಾಗೆಯೇ ಉಳಿಸಿಕೊಳ್ಳುವ ಮಾತು ಬಿಟ್ಟುಬಿಡಿ. ಗುಳ್ಳೆಯ ಕೆಳಗೆ ಇರುವುದು ತುಕ್ಕು. ಅದು ಕಾಯುವುದಿಲ್ಲ.

ತುಕ್ಕಿನ ಕಂದುಬಣ್ಣವನ್ನೇ ಚಂದವೆಂದು ಉಳಿಸಿಕೊಂಡು ಮೇಲೆ ಮ್ಯಾಟ್ ಕ್ಲಿಯರ್ ಹೊಡೆಯುವವರು, ಅಗಸೆ ಎಣ್ಣೆ ಸವರುವವರು ಬೇಕಾದಷ್ಟಿದ್ದಾರೆ. ಕ್ಲಿಯರ್ ಹೊಡೆದರೆ ತುಕ್ಕು ನಿಂತುಹೋಗುತ್ತದೆ ಎಂಬುದು ಸುಳ್ಳು, ತೇವ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಎಣ್ಣೆ ಆಗಾಗ ಸವರುತ್ತಿರಬೇಕು, ಧೂಳು ಹಿಡಿಯುತ್ತದೆ, ಮುಂದೊಮ್ಮೆ ಬಣ್ಣ ಹೊಡೆಯುವಾಗ ಅದನ್ನು ಪೂರ್ತಿ ತೊಳೆಯದಿದ್ದರೆ ಪೇಂಟ್ ಕೂರುವುದಿಲ್ಲ. ಎರಡರಲ್ಲಿ ನನಗೆ ಎಣ್ಣೆಯೇ ಮೇಲು, ಏಕೆಂದರೆ ಅದನ್ನು ತೆಗೆಯಬಹುದು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಎಷ್ಟು ಬಿಚ್ಚುವುದು?

ಈ ವಿಷಯದಲ್ಲಿ ಹಳೆಯ ಪಿಕಪ್ ಕಾರಿಗಿಂತ ಸುಲಭ. ಕೆಳಗೆ ಏಣಿಯಾಕಾರದ ಚಾಸಿ, ಅದರ ಮೇಲೆ ಕ್ಯಾಬಿನ್ ಬೇರೆ, ಸಾಮಾನು ಹೇರುವ ಬೆಡ್ ಬೇರೆ. ಮುಂದಿನ ಮಡ್‌ಗಾರ್ಡು, ಬಾನೆಟ್ಟು ಎಲ್ಲ ಬೋಲ್ಟಿನಲ್ಲಿ ನಿಂತವು. 1947ರ ಶೆವ್ರೊಲೆ ಅಡ್ವಾನ್ಸ್ ಡಿಸೈನ್ ಆಗಲಿ, 1948ರಲ್ಲಿ ಬಂದ ಫೋರ್ಡ್ ಎಫ್ ಸರಣಿಯಾಗಲಿ, ಸ್ಪ್ಯಾನರ್ ಹಿಡಿಯಬಲ್ಲ ಯಾರಾದರೂ ಭಾಗಭಾಗವಾಗಿ ಬಿಚ್ಚಬಹುದಾದ ಗಾಡಿಗಳು.

ಸುಲಭವೆಂದು ಎಲ್ಲವನ್ನೂ ಬಿಚ್ಚಿದವರ ಗಾಡಿಗಳೇ ಬಿಡಿಭಾಗಗಳ ರಾಶಿಯಾಗಿ ಮಾರಾಟಕ್ಕೆ ಬರುವುದು. ಚಾಸಿಯಿಂದ ಕ್ಯಾಬಿನ್ನನ್ನೂ ಎತ್ತಿ ಮಾಡುವ ಕೆಲಸಕ್ಕೆ ಬಣ್ಣಕ್ಕಿಂತ ಜಾಗ, ಸಮಯ, ಎತ್ತುವ ಸಲಕರಣೆಯೇ ಹೆಚ್ಚು ಬೇಕು. ಚಾಸಿ ತೂತು ಬಿದ್ದಿದ್ದರೆ ಅಥವಾ ಕ್ಯಾಬಿನ್ ಕೂರುವ ಮೌಂಟುಗಳು ಕೊಳೆತಿದ್ದರೆ ಬೇರೆ ದಾರಿಯಿಲ್ಲ. ಉಳಿದವರಿಗೆ ನಾನು ಹೇಳುವುದು ನಡುವಿನ ದಾರಿ: ಬೆಡ್ಡನ್ನು ಇಳಿಸಿ, ಬಂಪರ್, ಗ್ರಿಲ್, ದೀಪ, ಬೀಡಿಂಗ್ (ಅಂಚುಪಟ್ಟಿ), ಕನ್ನಡಿ, ಹಿಡಿಕೆಗಳನ್ನು ತೆಗೆಯಿರಿ, ಕ್ಯಾಬಿನ್ ಚಾಸಿಯ ಮೇಲೆಯೇ ಇರಲಿ. ಬೆಡ್ ಇಳಿಸಿದರೆ ಕ್ಯಾಬಿನ್ನಿನ ಬೆನ್ನು ಮತ್ತು ಬೆಡ್ಡಿನ ಮುಂಭಾಗ ಎರಡೂ ಕೈಗೆ ಸಿಗುತ್ತವೆ. ಆ ಸಂದಿಗೆ ಬಣ್ಣ ಸಿಕ್ಕಿದೆಯೋ ಇಲ್ಲವೋ ಎಂದು ನೋಡಿದರೆ ಸಾಕು, ಕೆಲಸ ಹೇಗೆ ನಡೆದಿದೆ ಎಂದು ತಿಳಿದುಬಿಡುತ್ತದೆ.

ಏನನ್ನೂ ಬಿಚ್ಚದೆ ಟೇಪ್ ಹಚ್ಚಿ ಹೊಡೆಯುವುದು ಬೇಗ ಮುಗಿಯುವ ದಾರಿ. ಆದರೆ ಬಣ್ಣ ಮೊದಲು ಏಳುವುದು ಬೀಡಿಂಗಿನ ಅಂಚಿನಲ್ಲೇ.

ಬಿಚ್ಚುವಾಗ ಮಡ್‌ಗಾರ್ಡು, ಬಾನೆಟ್ಟಿನ ಹಿಂಜಿನ ಕೆಳಗೆ ಇಟ್ಟಿರುವ ತೆಳು ತಗಡಿನ ಶಿಮ್ಮುಗಳ ಮೇಲೆ ಕಣ್ಣಿರಲಿ. ಯಾವ ಬೋಲ್ಟಿನಡಿ ಎಷ್ಟು ಇದ್ದವೆಂದು ಅಲ್ಲೇ ಬರೆದು, ಫೋಟೊ ತೆಗೆದು, ಬೋಲ್ಟಿನ ಜೊತೆಗೇ ಕಟ್ಟಿಡಿ. ಬಾಗಿಲಿನ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರುವುದು ಈ ಶಿಮ್ಮುಗಳಿಂದ, ಹಿಂಜಿನ ಹೊಂದಾಣಿಕೆಯಿಂದ. ಹೊಸ ತಗಡು ಹಾಕಿದ್ದರೆ ಬಣ್ಣಕ್ಕೆ ಮೊದಲೇ ಒಮ್ಮೆ ಎಲ್ಲ ಜೋಡಿಸಿ ಸಂದಿ ಸರಿಮಾಡಿಕೊಂಡು, ಆಮೇಲೆ ಮತ್ತೆ ಬಿಚ್ಚಿ. ಬಣ್ಣ ಹೊಡೆದ ಮೇಲೆ ಸಂದಿ ಸರಿಮಾಡಲು ಹೋದರೆ ಅಂಚು ಕಿತ್ತು ಬರುತ್ತದೆ.

ಹಳೆಯ ಬಣ್ಣ ಇಳಿಸುವುದು

ಮೊದಲು ಥಿನ್ನರ್ ಪರೀಕ್ಷೆ. ಕಾಣದ ಜಾಗದಲ್ಲಿ ಲ್ಯಾಕರ್ ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಲ್ಯಾಕರ್, ಥಿನ್ನರ್ ಆರಿದರೆ ಒಣಗುವ ಬಗೆಯ ಬಣ್ಣ. ಸುಕ್ಕುಗಟ್ಟಿ ಎದ್ದರೆ ಹಾರ್ಡನರ್ (ಬಣ್ಣ ಗಟ್ಟಿಯಾಗಲು ಬೆರೆಸುವ ದ್ರವ) ಇಲ್ಲದ ಎನಾಮೆಲ್. ಏನೂ ಆಗದಿದ್ದರೆ ಗಟ್ಟಿಯಾಗಿ ಕೂತ ಎನಾಮೆಲ್ ಅಥವಾ ಹಾರ್ಡನರ್ ಬೆರೆಸಿ ಹೊಡೆಯುವ ಯುರೆಥೇನ್. ಮೊದಲಿನ ಎರಡರ ಮೇಲೆ ಕಟುವಾದ ಥಿನ್ನರಿರುವ ಹೊಸ ಬಣ್ಣ ಬಿದ್ದರೆ ಕೆಳಗಿನದು ಉಬ್ಬಿ, ಎಲ್ಲ ಮುಗಿಯಿತು ಎನ್ನುವಾಗ ಮೇಲಿನದನ್ನೂ ಎಬ್ಬಿಸಿಬಿಡುತ್ತದೆ. ಹಾಗಾಗಿ ಅವುಗಳನ್ನು ಪೂರ್ತಿ ಇಳಿಸಬೇಕು. ಮೂರನೆಯದಾಗಿದ್ದು ಗಟ್ಟಿಯಾಗಿ ಹಿಡಿದಿದ್ದರೆ, ಪದರಗಳೂ ಹೆಚ್ಚಿಲ್ಲದಿದ್ದರೆ, ತೆಗೆಯುವ ಅಗತ್ಯವೇ ಇಲ್ಲ. ಒರಟಾಗುವಂತೆ ಉಜ್ಜಿ, ಎಪಾಕ್ಸಿ (ತೇವ ತಡೆಯುವ ಪ್ರೈಮರ್) ಹೊಡೆದು ಮುಂದೆ ಹೋಗಬಹುದು. ಎಲ್ಲವನ್ನೂ ಬರಿ ತಗಡಿಗೆ ಇಳಿಸಬೇಕೆಂಬ ಹಟ ಮನೆಯ ಕೆಲಸವನ್ನು ಎಷ್ಟೋ ಸಲ ಅಲ್ಲಿಗೇ ನಿಲ್ಲಿಸಿದೆ.

ಇಳಿಸಲೇಬೇಕಾದರೆ ಮೂರು ದಾರಿ. ಡಿಎ ಸ್ಯಾಂಡರ್ (ಸುತ್ತುತ್ತ ಉಜ್ಜುವ ಯಂತ್ರ) ಮತ್ತು 80ರ ಪೇಪರ್ (ಒರಟು ಮರಳುಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ನಿಧಾನ, ಧೂಳು ಬಹಳ, ಆದರೆ ಎಲ್ಲ ನಿಮ್ಮ ಹಿಡಿತದಲ್ಲಿರುತ್ತದೆ. ಪದರ ಪದರವಾಗಿ ಇಳಿಯುವಾಗ ಗಾಡಿಯ ಚರಿತ್ರೆ ಕಾಣಿಸುತ್ತದೆ: ಎಲ್ಲಿ ಪುಟ್ಟಿ ತುಂಬಿದ್ದಾರೆ, ಯಾವ ಬಾಗಿಲು ಬೇರೆ ಗಾಡಿಯದ್ದು, ಕಾರ್ಖಾನೆಯಲ್ಲಿ ಹೊಡೆದದ್ದು ಯಾವ ಬಣ್ಣ. ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಗಾಢ ಹಳದಿ, ಕಿತ್ತಳೆ, ಕೆಂಪು ಛಾಯೆಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ತಗಡಿನ ಜೋಡಣೆಗಳಲ್ಲಿ ಸೀಸದ ಬೆಸುಗೆಯನ್ನೇ ತುಂಬಿದ ಗಾಡಿಗಳೂ ಇವೆ. ನಯಧೂಳು ತಡೆಯುವ ಒಳ್ಳೆಯ ಮುಖಗವಸು, ಆದಷ್ಟು ನೀರು ಹಾಕಿ ಉಜ್ಜುವುದು, ಕೆಲಸದ ಬಟ್ಟೆ ಮನೆಯೊಳಗೆ ತರದಿರುವುದು, ಮಕ್ಕಳನ್ನು ಶೆಡ್ಡಿನಿಂದ ದೂರ ಇಡುವುದು — ಇಷ್ಟೂ ಬೇಕು.

ಬಣ್ಣ ಕರಗಿಸುವ ರಾಸಾಯನಿಕ ಬಾನೆಟ್ಟು, ಟೇಲ್‌ಗೇಟಿನಂಥ ಬಿಚ್ಚಿದ ಅಗಲ ಭಾಗಗಳಿಗೆ ಚೆನ್ನ. ಕ್ಯಾಬಿನ್ನಿಗೆ ಬೇಡ, ಜೋಡಣೆಯ ಸಂದಿಗಳಲ್ಲಿ ಇಳಿದು ಕೂತು ತಿಂಗಳುಗಳ ನಂತರ ಹೊಸ ಬಣ್ಣದ ಕೆಳಗಿಂದ ಹೊರಬರುತ್ತದೆ. ಹಿಂದೆ ಇವುಗಳ ಮುಖ್ಯ ಅಂಶವಾಗಿದ್ದ ಡೈಕ್ಲೋರೊಮೀಥೇನ್ ಇರುವ ಸ್ಟ್ರಿಪ್ಪರುಗಳನ್ನು ಜನಸಾಮಾನ್ಯರಿಗೆ ಮಾರುವುದನ್ನು ಅಮೆರಿಕ 2019ರಲ್ಲಿ ನಿಷೇಧಿಸಿತು. ಮುಚ್ಚಿದ ಜಾಗದಲ್ಲಿ ಅದರ ಆವಿ ಪ್ರಾಣ ತೆಗೆದದ್ದೇ ಅದಕ್ಕೆ ಕಾರಣ. ಈಗ ಸಿಗುವವು ನಿಧಾನ, ಆದರೂ ಬಾಗಿಲು ತೆರೆದೇ ಕೆಲಸ ಮಾಡಬೇಕು.

ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಪುಡಿ ಹಾರಿಸಿ ಕೆರೆಯುವುದು, ಚಾಸಿಗೆ, ಆಕ್ಸಲಿಗೆ, ಹಿಂಜಿಗೆ, ಬ್ರಾಕೆಟ್ಟಿಗೆ ಹೇಳಿಮಾಡಿಸಿದ್ದು. ಆದರೆ ಬಾಗಿಲು, ಬಾನೆಟ್ಟು, ಛಾವಣಿಯಂಥ ಚಪ್ಪಟೆ ತಗಡಿಗೆ ಒರಟು ಪುಡಿಯನ್ನು ಹೆಚ್ಚು ಒತ್ತಡದಲ್ಲಿ ಬಿಟ್ಟರೆ ತಗಡಿನ ಒಂದು ಮೈ ಹಿಗ್ಗಿ ಅಲೆಯೇಳುತ್ತದೆ. ಆ ಅಲೆಯನ್ನು ಆಮೇಲೆ ಪುಟ್ಟಿಯೂ ಪೂರ್ತಿ ಮುಚ್ಚಲಾರದು. ಸೋಡಾ ಬ್ಲಾಸ್ಟಿಂಗ್ ತಗಡಿಗೆ ಸೌಮ್ಯ, ಆದರೆ ಅದು ತುಕ್ಕು ತೆಗೆಯದು, ಉಳಿದ ಸೋಡಾವನ್ನು ಸರಿಯಾಗಿ ತೊಳೆಯದಿದ್ದರೆ ಪ್ರೈಮರ್ ಹಿಡಿಯದು. ಮನೆಯಲ್ಲಿ ಮಾಡುವವರು ಸಾಮಾನ್ಯ ಮರಳು ಬಳಸಲೇಬಾರದು. ಒಡೆದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ.

ತುಕ್ಕು: ಯಾವುದಕ್ಕೆ ಯಾವ ಮದ್ದು

ಪಿಕಪ್ ಕೊಳೆಯುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಂಪನಿಯಲ್ಲೂ ಒಂದೇ: ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳು, ಬಾಗಿಲ ಕೆಳಗಿನ ರಾಕರ್, ಕಾಲಿಡುವ ನೆಲ, ಮುಂದಿನ ಗಾಜಿನ ಕೆಳಗಿನ ಕೌಲ್, ಮಡ್‌ಗಾರ್ಡಿನ ಹಿಂತುದಿ. ಎಲ್ಲ ಕಡೆಯೂ ಕತೆ ಒಂದೇ, ಮಣ್ಣು ಸೇರಿ ನೀರು ಹಿಡಿದಿಟ್ಟು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ನಾಣ್ಯದಗಲ ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಬೆರಳಿನಲ್ಲಿ ತಟ್ಟಿ ಸದ್ದು ಕೇಳಿ, ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿ. ಚುಚ್ಚಿದರೆ ಹೋಗುತ್ತದೆಂದು ಹೆದರಿ ಚುಚ್ಚದಿದ್ದರೆ ಬಣ್ಣ ಹೊಡೆದ ಮೇಲೆ ತಾನೇ ಹೋಗುತ್ತದೆ.

ತೂತಾಗದ ಮೇಲ್ಮೈ ತುಕ್ಕಿಗೆ ಬಿಚ್ಚಿದ ಚಿಕ್ಕ ಭಾಗವಾದರೆ ಕಾಕಂಬಿ ನೀರು ನನಗೆ ಪ್ರಿಯ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ಭಾಗವನ್ನು ಪೂರ್ತಿ ಮುಳುಗಿಸಿ ಒಂದೆರಡು ವಾರ ಬಿಟ್ಟರೆ, ತುಕ್ಕಷ್ಟೇ ಬಿಟ್ಟುಕೊಂಡು ಕೆಳಗಿನ ಉಕ್ಕು ಹಾಗೇ ಉಳಿಯುತ್ತದೆ. ವಾಸನೆಗೆ ಮಾತ್ರ ಮನೆಯವರ ಒಪ್ಪಿಗೆ ಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ. ಬೇಗ ಆಗಬೇಕೆಂದರೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಎಲೆಕ್ಟ್ರೊಲಿಸಿಸ್: ತುಕ್ಕು ಹಿಡಿದ ಭಾಗ ಬ್ಯಾಟರಿ ಚಾರ್ಜರಿನ ಋಣ ತುದಿಗೆ, ಬಲಿಕೊಡುವ ಹಳೆಯ ಕಬ್ಬಿಣದ ತುಂಡು ಧನ ತುದಿಗೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲಿ ಮಾಡಿ, ಕಿಡಿ ಹತ್ತಿರ ಬರದಿರಲಿ.

ಕ್ಯಾಬಿನ್ನಿನಂತೆ ಮುಳುಗಿಸಲಾಗದ್ದಕ್ಕೆ ಫಾಸ್ಫಾರಿಕ್ ಆಮ್ಲ ಮತ್ತು ತುಕ್ಕನ್ನು ಕಪ್ಪಗೆ ಮಾಡುವ ಕನ್ವರ್ಟರ್‌ಗಳು ಇವೆ. ಗುಳಿಬಿದ್ದ ತುಕ್ಕಿನ ಆಳಕ್ಕೆ ಆಮ್ಲ ಇಳಿಯುತ್ತದೆ, ಪೇಪರ್ ಇಳಿಯದು. ಆದರೆ ಆಮ್ಲ ಉಳಿದಿರುವ ತಗಡಿನ ಮೇಲೆ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ, ಚೆನ್ನಾಗಿ ತೊಳೆದು, ಒಣಗಿಸಿ, ಮತ್ತೆ ಉಜ್ಜಿ ಹೊಳೆಯುವ ಲೋಹ ತಂದುಕೊಳ್ಳಬೇಕು. ಕನ್ವರ್ಟರನ್ನು ನಾನು ಚಾಸಿಯ ಒಳಮೈ, ಬಾಗಿಲಿನ ಒಳಗು ಹೀಗೆ ಕೈ ಹೋಗದ ಕಡೆಗೆ ಮಾತ್ರ ಇಟ್ಟುಕೊಳ್ಳುತ್ತೇನೆ. ಕಣ್ಣಿಗೆ ಕಾಣುವ ತಗಡಿನಲ್ಲಿ ಅದನ್ನು ನಂಬಿ ಮೇಲೆ ದುಬಾರಿ ಬಣ್ಣ ಹೊಡೆಯುವುದು ನನ್ನಿಂದಾಗದು.

ತೂತಿಗೆ ಮಾತ್ರ ಮದ್ದಿಲ್ಲ. ಕತ್ತರಿಸಿ ತೆಗೆದು ಹೊಸ ತಗಡು ಹಾಕಬೇಕು. ಜಾಲರಿ ಇಟ್ಟು ಮೇಲೆ ಪುಟ್ಟಿ ಅಥವಾ ಫೈಬರ್ ತುಂಬಿದರೆ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ. ಹಿಂಬದಿಯಿಂದ ತೇವ ಬರುತ್ತಲೇ ಇರುತ್ತದೆ, ಪುಟ್ಟಿ ಅದನ್ನು ಹೀರುತ್ತದೆ, ಸುತ್ತಲಿನ ತಗಡು ಕೊಳೆತು ತೇಪೆಯೇ ಹಪ್ಪಳವಾಗಿ ಏಳುತ್ತದೆ. ಹೊಸ ತಗಡನ್ನು ವೆಲ್ಡ್ ಮಾಡುವುದೋ ಪ್ಯಾನೆಲ್ ಅಂಟಿನಿಂದ ಕೂರಿಸುವುದೋ ಎಂಬುದು ನಿಜವಾದ ಆಯ್ಕೆ. ಅಂಟಿಗೆ ಶಾಖವಿಲ್ಲ, ತಗಡು ಸೊಟ್ಟಗಾಗದು, ಬೆಂಕಿಯ ಭಯವಿಲ್ಲ. ಬೆಡ್ಡಿನ ಪಕ್ಕದ ಹೊರತಗಡು, ಮಡ್‌ಗಾರ್ಡಿನ ತೇಪೆಗೆ ವೆಲ್ಡಿಂಗ್ ಬಾರದವರು ಧೈರ್ಯವಾಗಿ ಬಳಸಬಹುದು. ರಾಕರ್, ಕ್ಯಾಬಿನ್ ಮೌಂಟು, ನೆಲದಂಥ ಭಾರ ಹೊರುವ ಜಾಗಕ್ಕೆ ವೆಲ್ಡಿಂಗೇ ಆಗಬೇಕು. ತಂತಿಯನ್ನು ತಾನೇ ಉಣಿಸುವ ಮಿಗ್ ವೆಲ್ಡಿಂಗ್ ಯಂತ್ರ, 0.6 ಮಿಲಿಮೀಟರ್ ತಂತಿ, ಮುಕ್ಕಾಲು ಆರ್ಗಾನ್ ಕಾಲು ಇಂಗಾಲದ ಡೈಆಕ್ಸೈಡ್ ಬೆರೆತ ಅನಿಲ. ಒಂದು ಚುಕ್ಕೆ ಇಟ್ಟು, ದೂರದಲ್ಲಿ ಇನ್ನೊಂದಿಟ್ಟು, ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವೆ ಮತ್ತೊಂದು. ಒಂದೇ ಸಮನೆ ಎಳೆದರೆ ಒಂದು ಮಿಲಿಮೀಟರ್ ಆಸುಪಾಸಿನ ಆ ತಗಡು ಸುಕ್ಕಾಗುತ್ತದೆ. ರಾಕರ್ ಕತ್ತರಿಸುವ ಮೊದಲು ಬಾಗಿಲ ಚೌಕಕ್ಕೆ ಅಡ್ಡ ಪಟ್ಟಿ ಬೆಸೆದು ಬಿಗಿ ಮಾಡಿಕೊಳ್ಳದಿದ್ದರೆ ಕ್ಯಾಬಿನ್ ಕುಸಿದು ಬಾಗಿಲು ಮತ್ತೆ ಮುಚ್ಚಿಕೊಳ್ಳುವುದಿಲ್ಲ.

1967ರಿಂದ 1972ರವರೆಗಿನ ಶೆವ್ರೊಲೆ ಸಿ10, ಅದೇ ವರ್ಷಗಳ ಫೋರ್ಡ್ ಎಫ್-100 ಇಟ್ಟುಕೊಂಡವರಿಗೆ ಇದು ಮುಖ್ಯ: ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ನಿನ ಒಳಗೇ, ಸೀಟಿನ ಬೆನ್ನ ಹಿಂದೆ ಇರುತ್ತದೆ. ಹಿಂಮೂಲೆಗೆ ಬೆಸುಗೆ ಹಾಕಲು ಹೊರಡುವ ಮೊದಲು ಟ್ಯಾಂಕನ್ನು ಬಿಚ್ಚಿ ಶೆಡ್ಡಿನಿಂದಲೇ ಹೊರಗಿಡಿ. ಖಾಲಿ ಮಾಡಿದರೆ ಸಾಲದು, ಖಾಲಿ ಟ್ಯಾಂಕಿನ ಆವಿಯೇ ಹೆಚ್ಚು ಅಪಾಯ.

ಪ್ರೈಮರ್, ಪುಟ್ಟಿ

ಇಲ್ಲಿ ಹೆಚ್ಚು ಚರ್ಚೆ ಬೇಡ. ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್. ಆಮ್ಲದಿಂದ ಲೋಹಕ್ಕೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಕೂಡ ಹಿಡಿಯುತ್ತದೆ, ಆದರೆ ಅದು ತೇವ ತಡೆಯದು, ಸಾಮಾನ್ಯ ಕ್ಯಾನಿನ ಪ್ರೈಮರಂತೂ ನೀರು ಹೀರುತ್ತದೆ. ಮನೆಯಲ್ಲಿ ಕೆಲಸ ವಾರವಾರ ಎಳೆಯುವುದರಿಂದ ತಗಡನ್ನು ಮುಚ್ಚಿ ಕಾಯುವ ಎಪಾಕ್ಸಿಯೇ ಸರಿ. ಅದರ ಮೇಲೆ ಪುಟ್ಟಿ, 3 ಮಿಲಿಮೀಟರಿಗಿಂತ ದಪ್ಪ ಬೇಡ, ಅದಕ್ಕೂ ಹೆಚ್ಚು ಬೇಕಾದರೆ ತಗ್ಗನ್ನು ಮೊದಲು ಸುತ್ತಿಗೆ ಮತ್ತು ತಗಡಿನ ಹಿಂದೆ ಹಿಡಿಯುವ ಲೋಹದ ಡಾಲಿಯಿಂದ ಎತ್ತಿ. ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ನಂತರ ಸಣ್ಣ ತಗ್ಗು, ಗೀರು ತುಂಬುವ ದಪ್ಪನೆಯ ಹೈಬಿಲ್ಡ್ ಪ್ರೈಮರ್, ಮೇಲೆ ತೆಳ್ಳಗೆ ಬೇರೆ ಬಣ್ಣದ ಗೈಡ್ ಕೋಟ್, ಉದ್ದನೆಯ ಬ್ಲಾಕಿಗೆ ಪೇಪರ್ ಸುತ್ತಿ ಓರೆಯಾಗಿ ಉಜ್ಜುವುದು. ಗೈಡ್ ಬಣ್ಣ ಉಳಿದ ಕಡೆ ತಗ್ಗು, ಮೊದಲು ಹೋದ ಕಡೆ ಉಬ್ಬು. ಕೈಬೆರಳಲ್ಲೇ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗೀಟುಗಳು ಬಿಸಿಲಿನಲ್ಲಿ ಕಾಣುತ್ತವೆ. ಗಾಡಿ ಎಷ್ಟು ನುಣುಪಾಗಿ ಕಾಣುತ್ತದೆ ಎಂಬುದು ತೀರ್ಮಾನವಾಗುವುದು ಈ ಹಂತದಲ್ಲಿ, ಪೇಂಟಿನ ಹಂತದಲ್ಲಲ್ಲ.

ಇನ್ನು ಪೇಂಟ್

ಕಾರ್ಖಾನೆಗಳು ಏನು ಬಳಸಿದವು ಎಂಬುದರ ನೆನಪು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಡ್ಯುಪಾಂಟ್ ಕಂಪನಿಯ ಡ್ಯೂಕೊ ನೈಟ್ರೊಸೆಲ್ಯುಲೋಸ್ ಲ್ಯಾಕರ್ 1924ರ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂದಾಗ, ವಾರಗಟ್ಟಲೆ ಹಿಡಿಯುತ್ತಿದ್ದ ಬಣ್ಣದ ಕೆಲಸ ಗಂಟೆಗಳ ಲೆಕ್ಕಕ್ಕಿಳಿಯಿತು. ಲ್ಯಾಕರ್ ಬೇಗ ಒಣಗುತ್ತದೆ, ಧೂಳು ಕೂತರೆ ಉಜ್ಜಿ ತೆಗೆಯಬಹುದು, ತಪ್ಪು ತಿದ್ದುವುದು ಸುಲಭ. ಆದರೆ ಪೆಟ್ರೋಲ್ ಚೆಲ್ಲಿದರೆ ಕಲೆಯಾಗುತ್ತದೆ, ವರ್ಷ ಕಳೆದಂತೆ ಬಿರಿಯುತ್ತದೆ. ಮೂಲದಂತೆಯೇ ಇರಬೇಕೆಂಬ ಪ್ರದರ್ಶನದ ಗಾಡಿಗಲ್ಲದೆ ಇಂದು ಯಾರಿಗೂ ಅದು ಬೇಕಿಲ್ಲ. ಮನೆಯಲ್ಲಿ ಮಾಡುವವರ ಎದುರು ಈಗ ನಾಲ್ಕು ದಾರಿಗಳಿವೆ.

ರೋಲರ್ ಮತ್ತು ಎನಾಮೆಲ್ ಎಂದರೆ ನಗುವವರು ಬಹಳ. ನಾನು ನಗುವುದಿಲ್ಲ. ಹಾರ್ಡನರ್ ಇಲ್ಲದ ಆಲ್ಕಿಡ್ ಎನಾಮೆಲ್ಲನ್ನು ಮಿನರಲ್ ಟರ್ಪೆಂಟೈನ್ ಥಿನ್ನರಿನಲ್ಲಿ ನೀರಾಗಿ ಕಲಸಿ, ನುಣುಪು ಫೋಮ್ ರೋಲರಿನಿಂದ ಬಹಳ ತೆಳ್ಳಗೆ, ಹಲವು ಪದರ ಎಳೆದು, ನಡುನಡುವೆ 600ರಿಂದ 1000ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್ ಮಾಡಿದರೆ ಕೆಲಸದ ಟ್ರಕ್ಕಿಗೆ ತಕ್ಕ ಗೌರವದ ರೂಪವೇ ಬರುತ್ತದೆ. ಕಂಪ್ರೆಸರ್ ಬೇಡ, ಪಕ್ಕದ ಮನೆಗೆ ಬಣ್ಣದ ಮಂಜು ಹಾರದು, ಹಾರ್ಡನರುಗಳಲ್ಲಿರುವ, ಉಸಿರಿಗೆ ಅಪಾಯಕಾರಿಯಾದ ಐಸೊಸೈನೇಟ್ ಇಲ್ಲ. ಬೇಕಾದ್ದು ತಾಳ್ಮೆ. ಈ ಎನಾಮೆಲ್ ಗಾಳಿಯ ಆಮ್ಲಜನಕದಿಂದ ಗಟ್ಟಿಯಾಗುತ್ತದೆ, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ವಾರಗಟ್ಟಲೆ ಮೆತ್ತಗಿರುತ್ತದೆ. ಡಬ್ಬದ ಮೇಲೆ ಇಷ್ಟು ಗಂಟೆಯೊಳಗೆ ಅಥವಾ ಇಷ್ಟು ಗಂಟೆಯ ನಂತರ ಮುಂದಿನ ಕೋಟ್ ಎಂದು ಬರೆದಿದ್ದರೆ ಆ ನಡುವಿನ ಹೊತ್ತಿನಲ್ಲಿ ಮಾತ್ರ ಕೈ ಹಾಕಬೇಡಿ, ಬಣ್ಣ ಸುಕ್ಕುಗಟ್ಟುತ್ತದೆ.

ಸ್ಪ್ರೇ ಕ್ಯಾನ್ ಇಡೀ ಗಾಡಿಗೆ ಬೇಡ. ಅದರಿಂದ ಬೀಳುವ ಬಣ್ಣದ ಪಟ್ಟಿ ಚಿಕ್ಕದು, ಬಾನೆಟ್ಟಿನಷ್ಟು ಅಗಲದಲ್ಲಿ ಒಂದು ಎಳೆತ ಒಣಗುವ ಮೊದಲೇ ಪಕ್ಕದ್ದನ್ನು ಎಳೆಯುವುದು ಆಗದ ಮಾತು, ಪಟ್ಟೆಗಳು ಕಾಣುತ್ತವೆ. ಗ್ರಿಲ್, ಚಕ್ರದ ರಿಮ್ಮು, ಡ್ಯಾಶ್‌ಬೋರ್ಡಿಗೆ ಒಳ್ಳೆಯದು. ಕೆಳಗಿನ ಗುಂಡಿ ಒತ್ತಿ ಹಾರ್ಡನರ್ ಬೆರೆಸುವ 2ಕೆ ಕ್ಯಾನ್‌ಗಳು ಬಹಳ ಗಟ್ಟಿ, ಆದರೆ ಅವುಗಳ ಹಾರ್ಡನರೂ ಐಸೊಸೈನೇಟೇ. ಕ್ಯಾನು ಎಂದು ಹಗುರವಾಗಿ ಕಾಣಬೇಡಿ.

ಉಳಿದ ಎರಡು ಸ್ಪ್ರೇ ಗನ್ನಿನ ಕೆಲಸ: ಸಿಂಗಲ್ ಸ್ಟೇಜ್ ಯುರೆಥೇನ್, ಮತ್ತು ಬೇಸ್ ಕೋಟ್ (ಬಣ್ಣದ ಪದರ) ಮೇಲೆ ಕ್ಲಿಯರ್. ಬೇಸ್-ಕ್ಲಿಯರಿನ ಹೊಳಪು ಆಳವಾದದ್ದು, ಮೆಟಾಲಿಕ್ ಬಣ್ಣಕ್ಕೆ ಅದೇ ಬೇಕು, ಬೇಸ್ ಹೊಡೆಯುವಾಗ ಧೂಳು ಬಿದ್ದರೆ ಉಜ್ಜಿ ಮತ್ತೆ ಹೊಡೆಯಬಹುದು. ಆದರೆ ಹೊಡೆಯಬೇಕಾದ ಕೋಟ್‌ಗಳು ಹೆಚ್ಚು, ಮನೆಯ ಶೆಡ್ಡಿನಲ್ಲಿ ಪ್ರತಿ ಕೋಟೂ ಒಂದು ಅಪಾಯ. ಗೀರು ಕ್ಲಿಯರನ್ನು ದಾಟಿದರೆ ಆ ಜಾಗಕ್ಕೆ ಬೇಸ್ ಹಾಕಿ, ಕ್ಲಿಯರನ್ನು ಇಡೀ ಬಾಗಿಲಿಗೇ ಹೊಡೆಯಬೇಕು. ಬಿಸಿಲಿಗೆ ಹಾಳಾದ ಕ್ಲಿಯರ್ ಸಿಪ್ಪೆಯಾಗಿ ಏಳುತ್ತದೆ, ಪಾಲಿಶ್ ಮಾಡಿ ಉಳಿಸಲಾಗದು. ಸಿಂಗಲ್ ಸ್ಟೇಜಿನಲ್ಲಿ ಬಣ್ಣ ಮೇಲಿಂದ ಕೆಳಗಿನವರೆಗೆ ಅದೇ. ಎರಡು ಮೂರು ಕೋಟಿಗೆ ಮುಗಿಯುತ್ತದೆ, ಮಂಕಾದರೆ ಉಜ್ಜಿದರೆ ಬರುತ್ತದೆ, ಕಲ್ಲು ಹೊಡೆದ ಚುಕ್ಕೆಗೆ ಉಳಿದ ಬಣ್ಣದಲ್ಲಿ ಒಂದು ಹನಿ ಇಟ್ಟು ಒಣಗಿದ ಮೇಲೆ 2000ರ ಪೇಪರಿನಿಂದ ಸಮ ಮಾಡಿ ಪಾಲಿಶ್ ಹಾಕಬಹುದು. ಹಳೆಯ ಪಿಕಪ್‌ಗೆ ಮೂಲದಲ್ಲಿದ್ದ ಮೈಕಾಂತಿಗೂ ಅದೇ ಹತ್ತಿರ. ಸಾದಾ ಬಣ್ಣದ, ಓಡಾಡುವ ಪಿಕಪ್‌ಗೆ ನನ್ನ ಮತ ಸಿಂಗಲ್ ಸ್ಟೇಜಿಗೆ.

ಒಂದು ಷರತ್ತಿದೆ. ಎರಡರ ಹಾರ್ಡನರಿನಲ್ಲೂ ಐಸೊಸೈನೇಟ್ ಇದೆ. ಅದರ ಮಂಜು ಉಸಿರಿಗೆ ಹೋಗಿ ದೇಹ ಒಮ್ಮೆ ಅದಕ್ಕೆ ತಿರುಗಿಬಿದ್ದರೆ, ಆಮೇಲೆ ಎಳ್ಳಷ್ಟು ಸೋಕಿದರೂ ಆಸ್ತಮಾ ಕೆರಳುತ್ತದೆ. ಅಪಾಯದ ಮಟ್ಟದಲ್ಲೂ ಅದರ ವಾಸನೆ ಬಾರದ ಕಾರಣ ಇದ್ದಿಲಿನ ಮುಖಗವಸು ಮುಗಿದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖಗವಸು, ಮೈಮುಚ್ಚುವ ಉಡುಪು, ಕೈಗವಸು, ಕಣ್ಣಿಗೆ ಮರೆ ಬೇಕು. ಇಷ್ಟು ಹೊಂದಿಸಲಾಗದವರಿಗೆ ಎರಡೇ ದಾರಿ. ಒಂದು, ಮೇಲೆ ಹೇಳಿದ ರೋಲರ್. ಇನ್ನೊಂದು, ಬಿಚ್ಚುವುದು, ತುಕ್ಕು, ಪುಟ್ಟಿ, ಎಪಾಕ್ಸಿವರೆಗೆ ಎಲ್ಲ ಮನೆಯಲ್ಲೇ ಮುಗಿಸಿ ಹೈಬಿಲ್ಡ್ ಮತ್ತು ಕೊನೆಯ ಬಣ್ಣಕ್ಕೆ ಮಾತ್ರ ಪೇಂಟ್ ಬೂತ್ (ಬಣ್ಣ ಹೊಡೆಯಲೆಂದೇ ಮಾಡಿದ ಕೋಣೆ) ಇರುವ ಪೇಂಟರ್ ಬಳಿ ಒಯ್ಯುವುದು. ಹೈಬಿಲ್ಡನ್ನೂ ಸೇರಿಸಿದ್ದೇಕೆಂದರೆ ಯುರೆಥೇನ್ ಪ್ರೈಮರುಗಳ ಹಾರ್ಡನರಿನಲ್ಲೂ ಅದೇ ಇರುತ್ತದೆ. ಈ ಎರಡನೆಯ ದಾರಿಗೆ ನಾಚಬೇಕಿಲ್ಲ, ಕೆಲಸದ ಬಹುಪಾಲು ನಿಮ್ಮ ಕೈಯಲ್ಲೇ ಆಗಿರುತ್ತದೆ. ಆದರೆ ಒಪ್ಪಿಸುವ ಮೊದಲು ಅವರು ಬಳಸುವ ಬಣ್ಣ ನಿಮ್ಮ ಪ್ರೈಮರಿನ ಮೇಲೆ ಕೂರುತ್ತದೆಯೇ ಎಂದು ಕೇಳಿಕೊಳ್ಳಿ. ನಾಳೆ ಬಣ್ಣ ಎದ್ದರೆ ತಪ್ಪು ಯಾರದೆಂಬ ಜಗಳ ಹುಟ್ಟುವುದು ಅಲ್ಲಿಯೇ.

ಸ್ವತಃ ಹೊಡೆಯುವವರಿಗೆ ಕಂಪ್ರೆಸರಿನ ಲೆಕ್ಕ: ಎಚ್‌ವಿಎಲ್‌ಪಿ (ಕಡಿಮೆ ಒತ್ತಡದಲ್ಲಿ ಹೆಚ್ಚು ಗಾಳಿ ಬಿಡುವ) ಗನ್ನುಗಳು ನಿಮಿಷಕ್ಕೆ ಸುಮಾರು 10ರಿಂದ 15 ಘನ ಅಡಿ ಗಾಳಿ ಕೇಳುತ್ತವೆ. ಟೈರಿಗೆ ಗಾಳಿ ತುಂಬುವ ಚಿಕ್ಕ ಯಂತ್ರ ಬಾನೆಟ್ಟಿನ ಅರ್ಧಕ್ಕೇ ಸೋತು, ಬಣ್ಣ ಹನಿಹನಿಯಾಗಿ ಉಗುಳುತ್ತದೆ. ದೊಡ್ಡದು ಇಲ್ಲದವರು ಭಾಗಗಳನ್ನು ಬಿಚ್ಚಿ ಒಂದೊಂದಾಗಿ ಹೊಡೆಯಿರಿ, ಸಾದಾ ಬಣ್ಣಕ್ಕೆ ಅದರಿಂದ ನಷ್ಟವಿಲ್ಲ. ಬಣ್ಣಕ್ಕೆ 1.3 ಅಥವಾ 1.4 ಮಿಲಿಮೀಟರ್ ನಾಜಲ್, ಹೈಬಿಲ್ಡ್ ಪ್ರೈಮರಿಗೆ 1.7-1.8. ಗನ್ನು ಮೈಯಿಂದ ಒಂದು ಗೇಣು ದೂರ, ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚಬೇಕು, ಕೈ ಬಿಲ್ಲಿನಂತೆ ಬಾಗದೆ ತಗಡಿಗೆ ಸಮಾನಾಂತರವಾಗಿ ಹೋಗಬೇಕು. ಗಾಳಿಕೊಳವೆಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿ. ನೆಲಕ್ಕೆ ನೀರು ಚಿಮುಕಿಸಿ. ಶೆಡ್ಡಿನಲ್ಲಿ ಉರಿಯುವ ಗೀಸರ್, ಒಲೆ, ಕಿಡಿ ಹಾರುವ ಫ್ಯಾನ್ ಏನೂ ಇರಬಾರದು.

ಯಾವ ಬಣ್ಣ?

ಮೆಟಾಲಿಕ್ ಬೇಡವೇ ಬೇಡ ಎಂದು ನಾನು ಹೇಳುವುದಕ್ಕೆ ಕಾರಣ ಇದೆ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಗನ್ನಿನ ದೂರ, ಒತ್ತಡ, ತೇವಕ್ಕೆ ತಕ್ಕಂತೆ ಬೇರೆಬೇರೆ ರೀತಿ ಮಲಗುತ್ತವೆ. ಬಾಗಿಲನ್ನು ಮಲಗಿಸಿ, ಮಡ್‌ಗಾರ್ಡನ್ನು ನಿಲ್ಲಿಸಿ ಹೊಡೆದರೆ ಜೋಡಿಸಿದಾಗ ಎರಡೂ ಬೇರೆ ಛಾಯೆ. ಇನ್ನು ಕಪ್ಪು ಪ್ರತಿ ಅಲೆಯನ್ನೂ ತೋರಿಸುತ್ತದೆ. ಬಿಳಿ, ಕೆನೆಬಣ್ಣ, ತಿಳಿಹಸಿರು, ಬೂದು ಬಹಳಷ್ಟನ್ನು ಕ್ಷಮಿಸುತ್ತವೆ. ಮೂಲ ಬಣ್ಣ ಯಾವುದೆಂದು ಹುಡುಕುವವರು ಸೀಟಿನ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ ನೋಡಿ, ಬಿಸಿಲು ತಾಗದೆ ಅಲ್ಲಿ ಉಳಿದಿರುತ್ತದೆ. ಹಲವು ಫೋರ್ಡ್ ಗಾಡಿಗಳಲ್ಲಿ ಬಾಗಿಲ ಬಳಿಯ ತಗಡು ಪಟ್ಟಿಯಲ್ಲಿ ಬಣ್ಣದ ಸಂಕೇತ ಇರುತ್ತದೆ.

ಎರಡು ಬಣ್ಣದ ಜೋಡಿ, ಅಂದರೆ ಬಿಳಿ ಛಾವಣಿ ಕೆಳಗೆ ಬೇರೆ ಬಣ್ಣ, ಕಷ್ಟವೆಂದು ಕಂಡರೂ ಮನೆಯವರಿಗೆ ಅನುಕೂಲವೇ. ಒಂದು ದಿನ ಛಾವಣಿ, ಇನ್ನೊಂದು ದಿನ ಉಳಿದದ್ದು ಎಂದು ಕೆಲಸ ಹಂಚಿಹೋಗುತ್ತದೆ, ಛಾವಣಿಯ ಸುತ್ತ ಮಳೆನೀರು ಹರಿಯುವ ಅಂಚೇ ಗಡಿಯಾಗುವುದರಿಂದ ಟೇಪಿನ ಗೆರೆ ಕಣ್ಣಿಗೆ ಬೀಳದು. ಮೊದಲ ಬಣ್ಣ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗದೆ ಅದರ ಮೇಲೆ ಟೇಪ್ ಹಚ್ಚಬೇಡಿ. ಎರಡನೆಯದು ಇನ್ನೂ ಅಂಟಂಟಾಗಿರುವಾಗಲೇ ಟೇಪನ್ನು ಹಿಮ್ಮುಖವಾಗಿ ಮಡಿಸಿ ಎಳೆಯಿರಿ, ಅಂಚು ಹರಿಯದು.

ಬೆಡ್

ಬೆಡ್ಡಿನ ಒಳಮೈಗೆ ಹೊರಗಿನ ಬಣ್ಣವನ್ನೇ ಹೊಡೆದರೆ ಚಂದ, ಒಂದು ಲೋಡ್ ಹಾಕುವವರೆಗೆ. ನಿಜವಾಗಿ ಸಾಮಾನು ಹೇರುವವರಿಗೆ ರೋಲರಿನಲ್ಲಿ ಹಚ್ಚುವ ಪಾಲಿಯುರೆಥೇನ್ ಲೈನರ್ (ದಪ್ಪನೆಯ ರಕ್ಷಣಾ ಲೇಪ) ಸರಿ. ಕೆಳಗಿನ ಮೈ ಚೆನ್ನಾಗಿ ಒರಟಾಗಿರಬೇಕು, ತುಕ್ಕು ಒಂದಿಷ್ಟೂ ಇರಬಾರದು, ಏಕೆಂದರೆ ಲೈನರಿನ ಅಡಿಯಲ್ಲಿ ಮುಂದೆ ಏನು ನಡೆದರೂ ನಿಮಗೆ ಕಾಣಿಸುವುದಿಲ್ಲ. ಒಮ್ಮೆ ಹಚ್ಚಿದರೆ ತೆಗೆಯುವುದು ನರಕ. ಹಾಗಾಗಿ ಮೂಲ ರೂಪಕ್ಕೆ ಎಂದಾದರೂ ಮರಳುವ ಮನಸ್ಸಿದ್ದರೆ ಬರಿ ಎನಾಮೆಲ್ ಹಚ್ಚಿ ಮೇಲೆ ರಬ್ಬರ್ ಚಾಪೆ ಹಾಸಿ, ಚಾಪೆಯನ್ನು ಆಗಾಗ ಎತ್ತಿ ಒಣಗಿಸಿ. ಮರದ ಹಲಗೆಯ ನೆಲವಿರುವ ಗಾಡಿಗೆ ಲೈನರಿನ ಮಾತೇ ಬೇಡ. ಹಲಗೆಗಳನ್ನು ಕೂರಿಸುವ ಮೊದಲೇ ಆರೂ ಮೈಗೆ, ಬೋಲ್ಟಿನ ತೂತಿನ ಒಳಗೂ, ಎಣ್ಣೆ ಅಥವಾ ವಾರ್ನಿಷ್ ಕುಡಿಸಿ. ತುದಿಯ ಅಡ್ಡಕೊಯ್ತ ಎಲ್ಲಕ್ಕಿಂತ ಹೆಚ್ಚು ನೀರು ಹೀರುವುದರಿಂದ ಅಲ್ಲಿಗೆ ಎರಡು ಸಲ ಹೆಚ್ಚಿಗೆ. ಹಲಗೆಗಳ ನಡುವಿನ ಉಕ್ಕಿನ ಪಟ್ಟಿಗಳ ಕೆಳಮೈಗೂ ಎಪಾಕ್ಸಿ ಹೊಡೆದು ಒಣಗಿದ ಮೇಲೆ ಬಿಗಿಯಿರಿ. ಯಾವ ಬಗೆಯ ನೆಲವಾದರೂ ಬೆಡ್ಡಿನ ಮೂಲೆಗಳಲ್ಲಿ ನೀರಿಳಿಯುವ ತೂತುಗಳಿಗೆ ಮೊದಲೇ ಟೇಪ್ ಹಚ್ಚಿ, ಕೆಲಸ ಮುಗಿದ ಮೇಲೆ ತೆಗೆದು ಒಂದು ಚೊಂಬು ನೀರು ಸುರಿದು ಕೆಳಗೆ ಇಳಿಯುತ್ತದೆಯೇ ನೋಡಿ.